ಪ್ಯಾರಾಸಿಟಮಾಲ್ ಕುಡಿಸಿದ ಮೇಲೆ ಐಬುಪ್ರೊಫೆನ್ ಕೊಡಬಹುದಾ? ಕೈ ಮುರಿದುಕೊಂಡ ಹುಡುಗನ ತಾಯಿಗೆ ಉತ್ತರ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ ಏಳು ವರ್ಷ, ತೂಕ 22 ಕೆಜಿ. ಹೋದ ಭಾನುವಾರ ಸೀಬೆ ಮರದಿಂದ ಬಿದ್ದು ಎಡ ಮುಂಗೈ ಮುರಿದುಕೊಂಡ. ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಸಿರಪ್ಪನ್ನು ಒಂದು ಚಮಚ ಕುಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿ ಮುಕ್ಕಾಲು ಗಂಟೆ. ಅಲ್ಲಿ ಎಕ್ಸ್‌ರೇಗೂ ಮೊದಲೇ ಐಬುಪ್ರೊಫೆನ್ ಕುಡಿಸಿದರು. "ಮನೇಲಿ ಕೊಟ್ಟಿದ್ದು ಸಾಲದು" ಅಂತ ಪ್ಯಾರಾಸಿಟಮಾಲನ್ನೂ ಇನ್ನಷ್ಟು ಕೊಟ್ಟರು. "ಚಿಕ್ಕ ಮಗೂಗೆ ಒಂದರ ಮೇಲೊಂದು ಔಷಧಿ ಸುರಿದ್ರೆ ಹೀಟಾಗಿ ಲಿವರ್ ಕೆಡುತ್ತೆ, ನೋವು ಮುಚ್ಚಿಹೋದ್ರೆ ಡಾಕ್ಟರಿಗೆ ಏನು ಗೊತ್ತಾಗುತ್ತೆ" ಅಂತ ನಮ್ಮತ್ತೆ ಇವತ್ತಿಗೂ ಹೇಳ್ತಾನೇ ಇದ್ದಾರೆ. ಹೀಗೆ ಎರಡೂ ಕೊಡಬಹುದಾ? ಅದರ ಬದಲು ನೋವಿನ ಇಂಜೆಕ್ಷನ್ ಹಾಕಬಾರದಿತ್ತಾ? ಮೆಡಿಕಲ್ ಶಾಪಿನಲ್ಲಿ ಎರಡೂ ಸೇರಿದ ಸಿರಪ್ಪೇ ಸಿಗುತ್ತಂತೆ, ಅದನ್ನೇ ತಂದಿಟ್ಟುಕೊಳ್ಳಲಾ?

ಉತ್ತರ: ನಿಮ್ಮ ಮಗನಿಗೆ ಆಸ್ಪತ್ರೆಯಲ್ಲಿ ಮಾಡಿದ್ದು ಸರಿಯಾಗಿಯೇ ಇದೆ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಎರಡನ್ನೂ, ತೂಕಕ್ಕೆ ತಕ್ಕ ಅಳತೆಯಲ್ಲಿ, ಒಂದೇ ಹೊತ್ತಿಗೆ ಕೊಡಬಹುದು. ಎಕ್ಸ್‌ರೇಗೆ ಮುಂಚೆಯೇ ಕೊಟ್ಟರಲ್ಲ, ಆ ಡಾಕ್ಟರಿಗೆ ನಾನು ಮನಸಾರೆ ಕೃತಜ್ಞಳು. ಮುರಿದ ಕೈಯನ್ನು ಎಕ್ಸ್‌ರೇ ಮೇಜಿನ ಮೇಲೆ ಚಪ್ಪಟೆ ಇಟ್ಟು, ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗಿಸುವಾಗ ಆಗುವ ನೋವು ಬಿದ್ದಾಗಿನದಕ್ಕಿಂತ ಕಡಿಮೆಯೇನಲ್ಲ. ಔಷಧಿ ಹತ್ತಲು ಅರ್ಧ ಮುಕ್ಕಾಲು ಗಂಟೆ ಬೇಕು. ಹಾಗಾಗಿ ಒಳಗೆ ಕಾಲಿಟ್ಟ ಕೂಡಲೇ ಕುಡಿಸಬೇಕು.

ಈ ಎರಡು ಔಷಧಿ ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ಪೆಟ್ಟು ಬಿದ್ದ ಜಾಗದಲ್ಲಿ ದೇಹ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಬಾವು ಬರುವುದು, ಮುಟ್ಟಿದರೆ ಜೀವ ಹೋದಂತಾಗುವುದು ಅದರಿಂದ. ಐಬುಪ್ರೊಫೆನ್ ಅಲ್ಲಿಗೇ ಹೋಗಿ ಅದರ ತಯಾರಿಯನ್ನು ತಗ್ಗಿಸುತ್ತದೆ. ಪ್ಯಾರಾಸಿಟಮಾಲ್ ಹೆಚ್ಚಾಗಿ ಮಿದುಳು ಮತ್ತು ಬೆನ್ನುಹುರಿಯಲ್ಲಿ ಕೆಲಸ ಮಾಡುತ್ತದೆ. ಬಾವನ್ನು ಅದು ಇಳಿಸುವುದಿಲ್ಲ. ಅಳತೆ ಮೀರಿದಾಗ ಪ್ಯಾರಾಸಿಟಮಾಲ್ ಕಾಡುವುದು ಲಿವರನ್ನು. ಐಬುಪ್ರೊಫೆನ್ ಕಾಡುವುದು ಹೊಟ್ಟೆಯನ್ನು ಮತ್ತು ಮೂತ್ರಪಿಂಡವನ್ನು. ಎರಡೂ ಸೇರಿ ಒಂದೇ ಅಂಗದ ಮೇಲೆ ಬೀಳುವುದಿಲ್ಲ. ಅತ್ತೆಯವರ ಆತಂಕ ನನಗೆ ಅರ್ಥವಾಗುತ್ತದೆ, ಮೊಮ್ಮಗನ ಮೇಲಿನ ಅಕ್ಕರೆಯಿಂದ ಬಂದದ್ದು. ಲಿವರ್ ವಿಷಯದಲ್ಲಿ ಅವರು ಹೇಳುವುದರಲ್ಲಿ ನಿಜವೂ ಇದೆ. ಆದರೆ ಲಿವರ್ ಕೆಡುವುದು ಎರಡು ಔಷಧಿ ಒಟ್ಟಿಗೆ ಕೊಟ್ಟಿದ್ದರಿಂದಲ್ಲ, ಪ್ಯಾರಾಸಿಟಮಾಲಿನ ಲೆಕ್ಕ ತಪ್ಪಿದ್ದರಿಂದ. ಲೆಕ್ಕದ ವಿಷಯಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ "ಒಂದು ಚಮಚ"ದ ಮೇಲೆ.

ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ. ಎರಡು ಔಷಧಿ ಕೊಟ್ಟರೆ ನೋವು ಎರಡು ಪಟ್ಟು ಇಳಿಯುತ್ತದಾ? ಇಲ್ಲ. ಕೆನಡಾದ ಒಟ್ಟಾವದಲ್ಲಿ ಮಕ್ಕಳ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮಂಥವರ ಅಭ್ಯಾಸವನ್ನೇ ಬದಲಿಸಿತು. ಕೈಕಾಲಿಗೆ ಪೆಟ್ಟು ಮಾಡಿಕೊಂಡು ಬಂದ 6ರಿಂದ 17 ವರ್ಷದ ಮಕ್ಕಳಲ್ಲಿ ಕೆಲವರಿಗೆ ಐಬುಪ್ರೊಫೆನ್, ಕೆಲವರಿಗೆ ಪ್ಯಾರಾಸಿಟಮಾಲ್, ಇನ್ನು ಕೆಲವರಿಗೆ ಅಫೀಮಿನ ಜಾತಿಯ ಕೊಡೀನ್ ಕೊಟ್ಟು, ಒಂದು ಗಂಟೆಯ ನಂತರ ನೋವನ್ನು ನೂರರ ಅಳತೆಯಲ್ಲಿ ನೋಡಿದರು. ಐಬುಪ್ರೊಫೆನ್ ಕುಡಿದವರ ನೋವು 24ರಷ್ಟು ಇಳಿದಿತ್ತು, ಪ್ಯಾರಾಸಿಟಮಾಲಿನವರದು 12, ಕೊಡೀನಿನವರದು 11. ಅಂದರೆ ಮೂಳೆ, ಕೀಲು, ಉಳುಕಿನ ನೋವಿಗೆ ಮೊದಲ ಆಯ್ಕೆ ಐಬುಪ್ರೊಫೆನ್. ಆದರೆ ಆ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಕಿ ಬೇರೆ. ಐಬುಪ್ರೊಫೆನ್ ಕುಡಿದವರಲ್ಲಿಯೂ ಸಾಕಷ್ಟು ಆರಾಮ ಸಿಕ್ಕಿದ್ದು ಸುಮಾರು ಅರ್ಧದಷ್ಟು ಮಕ್ಕಳಿಗೆ ಮಾತ್ರ. ಉಳಿದರ್ಧ ಮಕ್ಕಳಿಗೆ ಏನು ಮಾಡಬೇಕು ಎಂಬ ಪ್ರಶ್ನೆಯಿಂದಲೇ ಜೋಡಿ ಔಷಧಿಯ ಮಾತು ಬರುವುದು.

ಜೋಡಿಯ ಬಗ್ಗೆ ಸಿಗುವ ಪುರಾವೆ ಒಂದೇ ದಿಕ್ಕಿಗೆ ಇಲ್ಲ. ಶಸ್ತ್ರಚಿಕಿತ್ಸೆಯಂಥ ನೋವುಗಳ ಮೇಲೆ ನಡೆದ 21 ಅಧ್ಯಯನಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಪ್ಯಾರಾಸಿಟಮಾಲ್ ಒಂದಕ್ಕಿಂತ ಜೋಡಿ ಮೇಲು ಎಂದು ಬಹುಪಾಲು ಅಧ್ಯಯನಗಳು ಹೇಳಿದ್ದವು. ಐಬುಪ್ರೊಫೆನ್ ಗುಂಪಿನ ಔಷಧಿ ಒಂದಕ್ಕಿಂತ ಜೋಡಿ ಮೇಲು ಎಂದವು ಅದಕ್ಕಿಂತ ಕಡಿಮೆ, ಮೂರರಲ್ಲಿ ಎರಡು ಪಾಲಿನಷ್ಟು. ನ್ಯೂಯಾರ್ಕಿನ ತುರ್ತು ವಿಭಾಗಗಳಲ್ಲಿ ನಡೆದು 2017ರಲ್ಲಿ ಬಂದ ಇನ್ನೊಂದು ಅಧ್ಯಯನ ದೊಡ್ಡವರ ಮೇಲಿನದು. ಕೈಕಾಲು ನೋವಿನ 400ಕ್ಕೂ ಹೆಚ್ಚು ಜನರಲ್ಲಿ ಐಬುಪ್ರೊಫೆನ್-ಪ್ಯಾರಾಸಿಟಮಾಲ್ ಜೋಡಿಯು ಅಫೀಮು ಜಾತಿಯ ಮಾತ್ರೆ ಸೇರಿದ ಮೂರು ಬೇರೆ ಜೋಡಿಗಳಿಗೆ ಎರಡು ಗಂಟೆಯ ಹೊತ್ತಿಗೆ ಸರಿಸಮ ನಿಂತಿತು. ಇವನ್ನೆಲ್ಲ ಇಟ್ಟುಕೊಂಡು ನಾನು ಮಾಡುವುದು ಇಷ್ಟು: ಉಳುಕು, ಸಣ್ಣ ಪೆಟ್ಟು ಎಂದು ಕಂಡರೆ ಐಬುಪ್ರೊಫೆನ್ ಒಂದೇ, ಆದರೆ ಪೂರ್ತಿ ಡೋಸು. ಕೈ ಸೊಟ್ಟಗಾಗಿದ್ದರೆ, ಮಗು ಬೆರಳು ಮುಟ್ಟಲೂ ಬಿಡದಿದ್ದರೆ, ಎರಡನ್ನೂ ಒಟ್ಟಿಗೆ. ಎರಡನೆಯದರಿಂದ ಸಿಗುವ ಲಾಭ ದೊಡ್ಡದಲ್ಲದಿರಬಹುದು, ಆದರೆ ಲೆಕ್ಕ ಸರಿಯಿದ್ದರೆ ನಷ್ಟವೂ ಇಲ್ಲ. ಮತ್ತೆ ಒಂದು ಗಂಟೆ ಬಿಟ್ಟು ಹೋಗಿ ಕೇಳುತ್ತೇನೆ, "ಪುಟ್ಟಾ, ಈಗ ಹೇಗಿದೆ?" ಈ ಎರಡನೇ ಸಲ ಕೇಳುವುದೇ ಬಹಳ ಕಡೆ ತಪ್ಪಿಹೋಗುತ್ತದೆ.

ಈಗ ಆ ಒಂದು ಚಮಚಕ್ಕೆ ಬರೋಣ.

ಪ್ಯಾರಾಸಿಟಮಾಲಿನ ಡೋಸು ಒಂದು ಸಲಕ್ಕೆ ಕೆಜಿಗೆ 15 ಮಿಲಿಗ್ರಾಂ. ನಿಮ್ಮ ಮಗನ 22 ಕೆಜಿಗೆ 330 ಮಿಲಿಗ್ರಾಂ. ನಿಮ್ಮ ಬಾಟಲಿ 5 ಎಂ.ಎಲ್.ಗೆ 125 ಮಿಲಿಗ್ರಾಂ ಇರುವಂಥದ್ದಾಗಿದ್ದರೆ ಅವನಿಗೆ ಸಿಕ್ಕಿದ್ದು 125 ಮಾತ್ರ, ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ. ಬಹುಶಃ ಅವನು ಎರಡು ವರ್ಷದವನಿದ್ದಾಗ ಜ್ವರಕ್ಕೆ ಯಾರೋ "ಒಂದು ಚಮಚ" ಎಂದು ಬರೆದುಕೊಟ್ಟಿರುತ್ತಾರೆ. ಮಗ ಬೆಳೆದ, ಚಮಚ ಬೆಳೆಯಲಿಲ್ಲ. ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ. ನಮ್ಮಲ್ಲಿಗೆ ಬರುವ ಹತ್ತಾರು ಮನೆಗಳಲ್ಲಿ ಹೀಗೇ ಆಗಿರುತ್ತದೆ, "ಔಷಧಿ ಕೊಟ್ಟೆವು, ಏನೂ ಆಗಲಿಲ್ಲ" ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಇನ್ನಷ್ಟು ಪ್ಯಾರಾಸಿಟಮಾಲ್ ಕೊಟ್ಟದ್ದು ಆ ಬಾಕಿ 200ರಷ್ಟು ಮಿಲಿಗ್ರಾಮನ್ನು ತುಂಬಿಸಲು. ನೀವು ಎಷ್ಟು ಹೊತ್ತಿಗೆ, ಎಷ್ಟು ಕುಡಿಸಿದಿರಿ ಎಂದು ಸರಿಯಾಗಿ ಹೇಳಿದ್ದರಿಂದಲೇ ಅವರಿಗೆ ಆ ಲೆಕ್ಕ ಸಾಧ್ಯವಾಯಿತು.

ಐಬುಪ್ರೊಫೆನ್ ಒಂದು ಸಲಕ್ಕೆ ಕೆಜಿಗೆ 10 ಮಿಲಿಗ್ರಾಂ. ಅವನಿಗೆ 220. ಸಾಮಾನ್ಯವಾಗಿ ಸಿಗುವ ಸಿರಪ್ಪಿನಲ್ಲಿ 5 ಎಂ.ಎಲ್.ಗೆ 100 ಮಿಲಿಗ್ರಾಂ ಇರುತ್ತದೆ, ಅಂದರೆ 11 ಎಂ.ಎಲ್. "ಅಷ್ಟೊಂದಾ?" ಎಂದು ತಾಯಂದಿರು ಬಾಟಲಿಯನ್ನು ತಿರುಗಿಸಿ ನೋಡುತ್ತಾರೆ. ಹೌದು, ಅಷ್ಟು.

ಆದರೆ ತೊಂದರೆ ಇನ್ನೊಂದು ಕಡೆಗೂ ಆಗುತ್ತದೆ, ಅದೇ ಹೆಚ್ಚು ಅಪಾಯದ್ದು. ಪ್ಯಾರಾಸಿಟಮಾಲ್ ನಮ್ಮ ಅಂಗಡಿಗಳಲ್ಲಿ ಮೂರು ನಾಲ್ಕು ಸಾಮರ್ಥ್ಯದಲ್ಲಿ ಸಿಗುತ್ತದೆ. 5 ಎಂ.ಎಲ್.ಗೆ 120 ಅಥವಾ 125, 5 ಎಂ.ಎಲ್.ಗೆ 240 ಅಥವಾ 250, ಮತ್ತು ಪುಟ್ಟ ಕಂದಮ್ಮಗಳಿಗೆಂದು ಡ್ರಾಪ್ಸ್. ಈ ಡ್ರಾಪ್ಸಿನಲ್ಲಿ ಒಂದೇ ಒಂದು ಎಂ.ಎಲ್.ಗೆ 100 ಮಿಲಿಗ್ರಾಂ ಇರುತ್ತದೆ. ಬಾಟಲಿ ಚಿಕ್ಕದು, ಹೆಸರು ಅದೇ, ಬಣ್ಣವೂ ಹೆಚ್ಚುಕಡಿಮೆ ಅದೇ. ಒಮ್ಮೆ ರಾತ್ರಿ ಪಾಳಿಯಲ್ಲಿ ಎಂಟು ಕೆಜಿಯ ಒಂದು ಕೂಸನ್ನು ಎತ್ತಿಕೊಂಡು ಬಂದರು. ಅಜ್ಜಿಯ ಕೈಯಲ್ಲಿ ಡ್ರಾಪ್ಸಿನ ಬಾಟಲಿ, ಇನ್ನೊಂದು ಕೈಯಲ್ಲಿ ಅಡುಗೆಮನೆಯ ಸ್ಟೀಲ್ ಚಮಚ. ಡ್ರಾಪರ್ ಒಡೆದಿತ್ತಂತೆ, ಅದಕ್ಕೆ ಚಮಚದಲ್ಲಿ ಕುಡಿಸಿದ್ದರು. ಒಂದು ಚಮಚ ಎಂದರೆ ಹತ್ತಿರ ಹತ್ತಿರ 500 ಮಿಲಿಗ್ರಾಂ, ಆ ಕೂಸಿಗೆ ಬೇಕಾದ್ದರ ನಾಲ್ಕು ಪಟ್ಟು. ಒಂದೇ ಸಲ ಆಗಿದ್ದರಿಂದ ಕೆಜಿಗೆ 150 ಮಿಲಿಗ್ರಾಂ ಎಂಬ ಅಪಾಯದ ಗೆರೆಯನ್ನು ದಾಟಿರಲಿಲ್ಲ, ಕೂಸು ಕ್ಷೇಮವಾಗಿ ಮನೆಗೆ ಹೋಯಿತು. ಅದೇ ಚಮಚ ಮತ್ತೆ ಮತ್ತೆ ಕೊಟ್ಟಿದ್ದರೆ? ಪ್ಯಾರಾಸಿಟಮಾಲ್ ಹೆಚ್ಚಾದ ಮಗು ಮೊದಲ ದಿನ ಆಟವಾಡಿಕೊಂಡೇ ಇರಬಹುದು; ಲಿವರಿನ ಹಾನಿ ಹೊರಗೆ ಕಾಣಿಸುವುದು ಆಮೇಲೆ. ಅಸಿಟೈಲ್‌ಸಿಸ್ಟೀನ್ ಎಂಬ ಮದ್ದು ಇದೆ, ಎಂಟು ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕಾಪಾಡುತ್ತದೆ. ಹಾಗಾಗಿ ಲೆಕ್ಕ ತಪ್ಪಿದೆ ಎಂಬ ಅನುಮಾನ ಬಂದರೆ ಮಗು ಚೆನ್ನಾಗಿದೆಯಲ್ಲ ಎಂದು ಕಾಯಬೇಡಿ, ಬಾಟಲಿಯ ಸಮೇತ ಆಸ್ಪತ್ರೆಗೆ ಬನ್ನಿ. ಅಜ್ಜಿಯನ್ನು ಬೈಯಬೇಡಿ. ಮೆಡಿಕಲ್ ಶಾಪಿನಲ್ಲಿ ಕೆಲವೇ ರೂಪಾಯಿಗೆ ಸೂಜಿಯಿಲ್ಲದ ಸಿರಿಂಜ್ ಸಿಗುತ್ತದೆ, ಅದನ್ನು ತಂದು ಬಾಟಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ.

ಎರಡೂ ಸೇರಿದ ಸಿರಪ್ಪಿನ ಬಗ್ಗೆ ಕೇಳಿದ್ದೀರಿ. 5 ಎಂ.ಎಲ್.ನಲ್ಲಿ ಐಬುಪ್ರೊಫೆನ್ 100, ಪ್ಯಾರಾಸಿಟಮಾಲ್ 162.5 ಮಿಲಿಗ್ರಾಂ ಇರುವಂಥವು ನಮ್ಮಲ್ಲಿ ಧಾರಾಳವಾಗಿ ಸಿಗುತ್ತವೆ. ಒಂದು ಸಲದ ಡೋಸಿಗೆ ಅವುಗಳ ಅಳತೆಯಲ್ಲಿ ದೊಡ್ಡ ದೋಷವೇನಿಲ್ಲ. ಆದರೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ ಎಂದೇ ಹೇಳುತ್ತೇನೆ. ಅದರೊಳಗೆ ಪ್ಯಾರಾಸಿಟಮಾಲ್ ಇದೆ ಎನ್ನುವುದು ಮರೆತೇ ಹೋಗುತ್ತದೆ. ಸಂಜೆ ಇದನ್ನು ಕುಡಿಸಿ, ರಾತ್ರಿ ಮೈ ಬೆಚ್ಚಗಿದೆ ಎಂದು ಮಾಮೂಲಿ ಪ್ಯಾರಾಸಿಟಮಾಲ್ ಕುಡಿಸಿ, ಜೊತೆಗೆ ನೆಗಡಿಯಿದೆ ಎಂದು ನೆಗಡಿ ಸಿರಪ್ ಕೊಟ್ಟರೆ, ಅದರಲ್ಲೂ ಬಹಳಷ್ಟು ಸಲ ಪ್ಯಾರಾಸಿಟಮಾಲ್ ಇರುತ್ತದೆ, ಒಂದೇ ಔಷಧಿ ಮೂರು ಬಾಗಿಲಿನಿಂದ ಒಳಗೆ ಹೋದಂತಾಯಿತು. ಇನ್ನೂ ದೊಡ್ಡ ಕಾರಣವೊಂದಿದೆ. ಮನೆಯಲ್ಲಿದ್ದ ಸಿರಪ್ಪನ್ನು ನಾವು ಜ್ವರಕ್ಕೂ ಕೊಡುತ್ತೇವೆ, ಮತ್ತು ಜ್ವರಕ್ಕೆ ಐಬುಪ್ರೊಫೆನ್ ನಮ್ಮ ಊರುಗಳಲ್ಲಿ ಸಲ್ಲದು. ಮಳೆಗಾಲ ಶುರುವಾದರೆ ಕರ್ನಾಟಕದ ಮಕ್ಕಳ ವಾರ್ಡುಗಳು ಡೆಂಗಿಯಿಂದ ತುಂಬುತ್ತವೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವದ ಭಯವಿರುತ್ತದೆ. ಅಂಥ ಹೊತ್ತಿನಲ್ಲಿ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್, ಆಸ್ಪಿರಿನ್ ಮೂರೂ ಅಪಾಯ. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಬಿದ್ದ ಪೆಟ್ಟಿಗೆ ಮಾತ್ರ ಐಬುಪ್ರೊಫೆನ್. ಬೇರೆ ಬೇರೆ ಬಾಟಲಿ ಇದ್ದರೆ ಈ ಬೇಲಿ ಹಾಗೇ ಉಳಿಯುತ್ತದೆ.

ಮೆಫೆನಾಮಿಕ್ ಆಸಿಡ್, ಅಂದರೆ ಮೆಫ್ಟಾಲ್-ಪಿ ತರಹದ ಸಿರಪ್, ಐಬುಪ್ರೊಫೆನ್‌ನ ಕುಟುಂಬಕ್ಕೇ ಸೇರಿದ್ದು. ಅವೆರಡನ್ನು ಎಂದೂ ಜೋಡಿಸಬೇಡಿ, ಅಲ್ಲಿ ಎರಡೂ ಒಂದೇ ಅಂಗದ ಮೇಲೆ ಬೀಳುತ್ತವೆ. ನಿಮೆಸುಲೈಡ್ ಎಂಬ ಇನ್ನೊಂದು ನೋವಿನ ಔಷಧಿಯನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ.

ಪೆಟ್ಟಾದ ಎಲ್ಲ ಮಕ್ಕಳಿಗೂ ಐಬುಪ್ರೊಫೆನ್ ಆಗಿಬರುವುದಿಲ್ಲ. ವಾಂತಿ ಭೇದಿಯಾಗಿ ಬಾಯಿ ಒಣಗಿರುವ ಮಗು, ಮೂತ್ರಪಿಂಡದ ತೊಂದರೆಯಿರುವ ಮಗು, ಹಿಂದೆ ಇಂಥ ಔಷಧಿಯಿಂದ ಉಬ್ಬಸ ಬಂದಿದ್ದ ಮಗು, ರಕ್ತ ಹೆಪ್ಪುಗಟ್ಟದ ಕಾಯಿಲೆಯಿರುವ ಮಗು, ಮೈಮೇಲೆ ಸೀತಾಳೆ ಸಿಡುಬು ಎದ್ದಿರುವ ಮಗು, ಇವರಿಗೆ ಬೇಡ. ಆರು ತಿಂಗಳೊಳಗಿನ ಕೂಸಿಗೆ ಡಾಕ್ಟರು ಹೇಳದೆ ಬೇಡವೇ ಬೇಡ. ಆಸ್ತಮಾ ಇದೆ ಎಂದ ಮಾತ್ರಕ್ಕೆ ಹೆದರಬೇಕಿಲ್ಲ, ಬಹುತೇಕ ಆಸ್ತಮಾ ಮಕ್ಕಳಿಗೆ ಅದು ಒಗ್ಗುತ್ತದೆ. ಹೇಳುವುದನ್ನು ಮಾತ್ರ ಮರೆಯಬೇಡಿ. ಐಬುಪ್ರೊಫೆನ್ ಕೊಟ್ಟರೆ ಮೂಳೆ ಕೂಡುವುದಿಲ್ಲ ಎಂಬ ಮಾತೂ ಓಡಾಡುತ್ತದೆ. ಮಕ್ಕಳಲ್ಲಿ ಅದನ್ನು ಹುಡುಕಿ ನೋಡಿದ ಅಧ್ಯಯನಗಳಲ್ಲಿ ಹಾಗೆ ಕಂಡಿಲ್ಲ.

ಇಂಜೆಕ್ಷನ್ ಯಾಕೆ ಹಾಕಲಿಲ್ಲ ಎಂದರೆ, ಸೂಜಿಯಲ್ಲಿ ಹೋದ ಮಾತ್ರಕ್ಕೆ ಔಷಧಿಗೆ ಹೆಚ್ಚಿನ ಬಲ ಬರುವುದಿಲ್ಲ. ನುಂಗಬಲ್ಲ, ವಾಂತಿ ಮಾಡದ ಮಗುವಿಗೆ ಬಾಯಿಯ ದಾರಿಯೇ ಸಾಕು. ಕುಂಡೆಗೆ ಹಾಕುವ ನೋವಿನ ಇಂಜೆಕ್ಷನ್ ಆಗಲೇ ನೋಯುತ್ತಿರುವ ಮಗುವಿಗೆ ಇನ್ನೊಂದು ನೋವು, ಜೊತೆಗೆ ಬಿಳಿ ಕೋಟು ಕಂಡರೆ ಬೆಚ್ಚುವ ಹೆದರಿಕೆ. ನೋವು ತಡೆಯಲಾಗದಷ್ಟಿದ್ದರೆ ನಮ್ಮ ಹತ್ತಿರ ಬೇರೆ ದಾರಿಗಳಿವೆ: ಮೂಗಿಗೆ ಸಿಂಪಡಿಸುವ ಫೆಂಟನಿಲ್ ಸುಮಾರು ಹತ್ತು ನಿಮಿಷಕ್ಕೆ ಹತ್ತುತ್ತದೆ, ರಕ್ತನಾಳಕ್ಕೆ ಕೊಡುವ ಮಾರ್ಫಿನ್ ಇದೆ, ಮೂಳೆ ಎಳೆದು ಕೂರಿಸುವಾಗ ಕೆಟಮಿನ್ ಇದೆ. ಅವು ಉಸಿರಾಟ, ಆಮ್ಲಜನಕ ನೋಡಿಕೊಂಡು ಕೊಡಬೇಕಾದವು, ಆಸ್ಪತ್ರೆಯಲ್ಲಿ ಮಾತ್ರ. ಹಾಗೆಯೇ ಅಪ್ಪನ ಬೆನ್ನುನೋವಿಗೆ ತಂದಿಟ್ಟ ಟ್ರಮಡಾಲ್ ಮಾತ್ರೆಯನ್ನು ಅರ್ಧ ಮಾಡಿ ಮಗುವಿಗೆ ಕೊಡುವ ಯೋಚನೆ ಬೇಡ. ಕೊಡೀನ್, ಟ್ರಮಡಾಲ್ ಎರಡೂ ಲಿವರಿನಲ್ಲಿ ಬದಲಾಗಿ ಬಲ ಪಡೆಯುವ ಔಷಧಿಗಳು, ಕೆಲವು ಮಕ್ಕಳ ದೇಹ ಅದನ್ನು ವಿಪರೀತ ವೇಗದಲ್ಲಿ ಮಾಡಿಬಿಡುತ್ತದೆ. ಟಾನ್ಸಿಲ್ ತೆಗೆದ ಮೇಲೆ ಕೊಡೀನ್ ಪಡೆದ ಮಕ್ಕಳು ಉಸಿರು ನಿಂತು ತೀರಿಕೊಂಡ ಘಟನೆಗಳ ನಂತರ 2013ರಲ್ಲಿ ಅಮೆರಿಕ ಕಟ್ಟೆಚ್ಚರ ಕೊಟ್ಟಿತು, 2017ರಲ್ಲಿ 12 ವರ್ಷದೊಳಗಿನವರಿಗೆ ಎರಡೂ ಬೇಡ ಎಂದಿತು.

ನೋವು ಮುಚ್ಚಿಹೋಗಿ ಡಾಕ್ಟರಿಗೆ ಗೊತ್ತಾಗುವುದಿಲ್ಲ ಎಂಬ ಅತ್ತೆಯವರ ಮಾತನ್ನು ನಾನು ಓದುವ ಕಾಲಕ್ಕೆ ನಮ್ಮ ಹಿರಿಯ ಡಾಕ್ಟರುಗಳೂ ಹೇಳುತ್ತಿದ್ದರು, ಮುಖ್ಯವಾಗಿ ಹೊಟ್ಟೆನೋವಿನ ವಿಷಯದಲ್ಲಿ. ಆಮೇಲಿನ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ನೋವು ಕಡಿಮೆಯಾದ ಮಗು ಮೈ ಮುಟ್ಟಗೊಡುತ್ತದೆ, ಬೆರಳು ಆಡಿಸಿ ತೋರಿಸುತ್ತದೆ, ಎಲ್ಲಿ ಎಂದು ಬೊಟ್ಟು ಮಾಡುತ್ತದೆ. ಮುರಿದ ಮೂಳೆ ಔಷಧಿ ಕುಡಿದ ಮೇಲೂ ಎಕ್ಸ್‌ರೇಯಲ್ಲಿ ಮುರಿದಂತೆಯೇ ಕಾಣುತ್ತದೆ. ಆಪರೇಷನ್ ಬೇಕಾದೀತು, ಖಾಲಿ ಹೊಟ್ಟೆಯಲ್ಲಿರಲಿ ಎಂದು ಔಷಧಿಯನ್ನೇ ತಡೆಯುವವರೂ ಇದ್ದಾರೆ. ಊಟ, ಹಾಲು, ಬಿಸ್ಕತ್ತು ಬೇಡ, ಸರಿ, ಹತ್ತಿಪ್ಪತ್ತು ಎಂ.ಎಲ್. ಸಿರಪ್ಪಿನಿಂದ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಕುಡಿಸಿದ ಹೊತ್ತನ್ನು ಡಾಕ್ಟರಿಗೆ ಹೇಳಿದರಾಯಿತು.

ಇನ್ನೊಂದು ಮಾತು, ಇದು ಔಷಧಿಯದ್ದಲ್ಲ. ಮೊಣಕೈ ಮುರಿದುಕೊಂಡ ಆರು ವರ್ಷದ ಹುಡುಗಿಯೊಬ್ಬಳು ನಮ್ಮ ಕ್ಯಾಶುವಾಲ್ಟಿಯ ಬೆಂಚಿನಲ್ಲಿ ಎರಡು ಗಂಟೆ ಕೂತಿದ್ದಳು. ಅಳಲಿಲ್ಲ, ಅಲುಗಲಿಲ್ಲ. "ಗಟ್ಟಿ ಹುಡುಗಿ, ನೋವಿಲ್ಲ ಅನ್ಸುತ್ತೆ" ಎಂದರು ಅವಳ ಅಪ್ಪ. ನಾನು ಆರು ಮುಖಗಳ ಚಿತ್ರವಿರುವ ಕಾರ್ಡನ್ನು ಅವಳ ಮುಂದೆ ಹಿಡಿದೆ. ಒಂದು ತುದಿಯಲ್ಲಿ ಆರಾಮಾಗಿರುವ ಮುಖ, ಇನ್ನೊಂದು ತುದಿಯಲ್ಲಿ ನೋವಿನಿಂದ ಕಿವುಚಿದ ಮುಖ. ಅವಳು ಒಳ್ಳೆಯ ಕೈಯ ಕಿರುಬೆರಳನ್ನು ಮಾತ್ರ ಎತ್ತಿ ಕೊನೆಯ ಮುಖ ತೋರಿಸಿದಳು. ತೋಳು ಎತ್ತಿದರೆ ಇನ್ನೊಂದು ತೋಳು ಅಲುಗೀತು ಎಂಬ ಭಯಕ್ಕೆ ಅವಳು ಉಸಿರನ್ನೂ ಮೇಲೆಮೇಲೆ ಆಡುತ್ತಿದ್ದಳು. ಸುಮ್ಮನೆ ಕೂತ ಮಗುವನ್ನು ಕೇಳದೆ ಬಿಡಬೇಡಿ. ಮತ್ತೆ, ಎರಡು ಔಷಧಿ ಸೇರಿ ಮಾಡಲಾಗದ್ದನ್ನು ಎಷ್ಟೋ ಸಲ ಒಂದು ರಟ್ಟಿನ ತುಂಡು ಮಾಡುತ್ತದೆ. ಮುರಿದ ಕೈ ಹೇಗಿದೆಯೋ ಹಾಗೇ, ನೇರ ಮಾಡಲು ಹೋಗದೆ, ಕೆಳಗೆ ರಟ್ಟು ಅಥವಾ ದಪ್ಪ ಪತ್ರಿಕೆ ಇಟ್ಟು ದುಪಟ್ಟಾದಲ್ಲಿ ಕೊರಳಿಗೆ ಜೋತುಹಾಕಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ನಿಮಿಷ ಇಡಿ. ಎಣ್ಣೆ ಹಾಕಿ ನೀವಬೇಡಿ.

ಈಗ ಮನೆಯಲ್ಲಿ ಏನು ಮಾಡಬೇಕು ಎನ್ನುವುದಕ್ಕೆ ಬರುತ್ತೇನೆ. ಪ್ಲಾಸ್ಟರ್ ಹಾಕಿದ ಮೊದಲ ಎರಡು ಮೂರು ದಿನ ನೋವು ಇದ್ದೇ ಇರುತ್ತದೆ. ಮೂರು ಗಂಟೆಗೊಮ್ಮೆ ಅದು, ಆಮೇಲೆ ಇದು ಎಂದು ಸರದಿ ಮಾಡಿದರೆ ನಿದ್ದೆಗೆಟ್ಟ ರಾತ್ರಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಊಟದ ನಂತರ ಎರಡನ್ನೂ ಒಟ್ಟಿಗೆ ಕೊಡುವುದು ನನಗೆ ಸರಿ ಕಂಡ ದಾರಿ; ನಿಮ್ಮ ಆಸ್ಪತ್ರೆಯ ಚೀಟಿಯಲ್ಲಿ ಬೇರೆ ಬರೆದಿದ್ದರೆ ಅದನ್ನೇ ಪಾಲಿಸಿ. ಐಬುಪ್ರೊಫೆನ್ ಆರರಿಂದ ಎಂಟು ಗಂಟೆಯ ಅಂತರದಲ್ಲಿ, ದಿನಕ್ಕೆ ಮೂರು ಸಲ, ಮೀರಬಾರದು. ಪ್ಯಾರಾಸಿಟಮಾಲ್ ಬೇಕಾದರೆ ಆರು ಗಂಟೆಯ ಅಂತರವಿಟ್ಟು ನಾಲ್ಕನೆಯ ಸಲ ಕೊಡಬಹುದು, ಅದಕ್ಕಿಂತ ಹೆಚ್ಚು ಬೇಡ. ಕೊಟ್ಟ ಕೂಡಲೇ ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಹೊತ್ತು ಬರೆಯಿರಿ, ಮನೆಯಲ್ಲಿ ಯಾರೇ ಕೊಡಲಿ. ಮೂರನೇ ದಿನ ಔಷಧಿ ಬಿಡಿಸುವಾಗ ಐಬುಪ್ರೊಫೆನ್ ಅನ್ನು ಮೊದಲು ನಿಲ್ಲಿಸಿ, ಪ್ಯಾರಾಸಿಟಮಾಲನ್ನು ಆಮೇಲೆ.

ಎರಡೂ ಪೂರ್ತಿ ಡೋಸು ಕೊಟ್ಟು ಒಂದು ಗಂಟೆ ಕಳೆದರೂ ನೋವು ಇಳಿಯದೆ ಏರುತ್ತಿದ್ದರೆ, ಬೆರಳನ್ನು ಮೆಲ್ಲಗೆ ನೇರ ಮಾಡಿದರೆ ಮಗು ಚೀರಿದರೆ, ಬೆರಳು ನೀಲಿಗಟ್ಟಿ ತಣ್ಣಗಾದರೆ, ಜೋಮು ಹಿಡಿದಿದೆ ಎಂದರೆ, ಮೂರನೆಯ ಔಷಧಿ ಹುಡುಕಬೇಡಿ. ಪ್ಲಾಸ್ಟರ್ ಒಳಗೆ ಬಾವು ಹೆಚ್ಚಾಗಿ ರಕ್ತದ ಹರಿವು ನಿಲ್ಲುತ್ತಿರಬಹುದು, ಕೆಲವೇ ಗಂಟೆಗಳಲ್ಲಿ ಕೈಯ ಸ್ನಾಯುಗಳು ಸಾಯುತ್ತವೆ. ಬಿಗಿಯಾದ ನಾಟಿ ಕಟ್ಟು ಕಟ್ಟಿಸಿಕೊಂಡು ಬಂದ ಮಕ್ಕಳಲ್ಲಿ ಇದನ್ನು ಕಂಡಿದ್ದೇನೆ, ಆಸ್ಪತ್ರೆಯ ಪ್ಲಾಸ್ಟರಿನಲ್ಲೂ ಕಂಡಿದ್ದೇನೆ. ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ, ಬೆಳಗಾಗಲಿ ಎನ್ನದೆ ಹೊರಡಿ. ಕ್ಯಾಶುವಾಲ್ಟಿಯ ಬಾಗಿಲಲ್ಲೇ "ಪ್ಲಾಸ್ಟರ್ ಹಾಕಿದ ಕೈ, ಎರಡೂ ಔಷಧಿ ಕೊಟ್ಟಿದ್ದೇವೆ, ನೋವು ಜಾಸ್ತಿಯಾಗ್ತಿದೆ" ಎಂದು ಹೇಳಿ. ಅಷ್ಟು ಕೇಳಿದರೆ ಡ್ಯೂಟಿಯಲ್ಲಿರುವ ಡಾಕ್ಟರು ಪ್ಲಾಸ್ಟರ್ ಸೀಳುವ ಕೆಲಸವನ್ನೇ ಮೊದಲು ಮಾಡುತ್ತಾರೆ.